ಮೊದಲು ಆಡಿಯೋ ಕೇಳಿ
ಟಿವಿಯಲ್ಲಿ 'ಡಾಕ್ಟರ್ ಹೂ' (ಕಾಲದಲ್ಲಿ ಹಿಂದೆ ಮುಂದೆ ಓಡಾಡುವ 'ಡಾಕ್ಟರ್'ನ ಬ್ರಿಟಿಷ್ ಧಾರಾವಾಹಿ) ನೋಡಿದ್ದಾಯ್ತು, ಇನ್ನು ಆಡಿಯೋ ಕೇಳಲೋ ಪುಸ್ತಕ ಓದಲೋ ಅಂತ ಕೇಳಿದ್ದೀರಿ. ಆಡಿಯೋನೇ ಸರ್, ಅದೂ ಎಂಟನೇ ಡಾಕ್ಟರ್‌ದು. ಡಾಕ್ಟರ್ ಪಾತ್ರಕ್ಕೆ ನಟರು ಬದಲಾಗುತ್ತಾ ಇರುತ್ತಾರೆ; 1996ರಲ್ಲಿ ಎಂಟನೇ ಡಾಕ್ಟರ್ ಆದ ನಟ ಪಾಲ್ ಮೆಕ್‌ಗ್ಯಾನ್‌ಗೆ ಸಿಕ್ಕಿದ್ದು ಒಂದೇ ಟಿವಿ ಸಿನಿಮಾ. 2001ರಲ್ಲಿ ಆಡಿಯೋ ನಾಟಕ ಮಾಡುವ ಬಿಗ್ ಫಿನಿಶ್‌ನವರು ಆಡಿಯೋಗೆ ಕರೆತಂದ ಮೇಲೆ ಆ ಪಾತ್ರಕ್ಕೆ ಜೀವ ಬಂತು. 'ಸ್ಟಾರ್ಮ್ ವಾರ್ನಿಂಗ್'ನಿಂದ ಶುರು ಮಾಡಿ. 1930ರಲ್ಲಿ ನಿಜಕ್ಕೂ ಬಿದ್ದು ಸುಟ್ಟುಹೋದ ಆರ್101 ವಾಯುನೌಕೆಯಲ್ಲಿ ಕಥೆ ನಡೆಯುತ್ತದೆ. ಅಲ್ಲಿ ಸಾಯಬೇಕಿದ್ದ ಹುಡುಗಿಯನ್ನು ಡಾಕ್ಟರ್ ಉಳಿಸಿಬಿಡುತ್ತಾನೆ. ಆ ಸಾಲ ಮುಂದಿನ ಕಥೆಗಳಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

ಆದರೆ ನನ್ನ ಹಾಗೆ ಕೊಪ್ಪಳ–ಬಳ್ಳಾರಿ ರೈಲಿನಲ್ಲಿ ಕೇಳಬೇಡಿ. ಒಗ್ಗಾಣಿ ಮಿರ್ಚಿ ಮಾರುವವರ ಕೂಗಿನಲ್ಲಿ ಡಾಕ್ಟರ್ ಯಾವ ಕಾಲದಲ್ಲಿದ್ದಾನೆ ಅನ್ನೋದೇ ತಪ್ಪಿಹೋಯ್ತು, ಮೂರು ಸಲ ಹಿಂದಕ್ಕೆ ಹಾಕಿದೆ. ಪುಸ್ತಕ ಆದ್ರೆ ಸುಮ್ನೆ ಪುಟ ತಿರುವಿದರೆ ಆಯ್ತು, ಅಲ್ವಾ? ಕಾಲದ ಗಂಟು ಜಾಸ್ತಿ ಇರುವ ಕಥೆಗೆ ನಾನು ಪುಸ್ತಕವನ್ನೇ ಹಿಡಿಯುತ್ತೇನೆ.