ಓದುಗರ ಪ್ರಶ್ನೆ: ಗುಂಡಿ ಮುಚ್ಚುವ ದುಡ್ಡು ಯಾರ ಜೇಬಿನದು?

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆಯ ಮೇಲೆಯೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇವೆ.

ದಿನಾ ಹೋಗಿ ಬಂದು 30 ಕಿ.ಮೀ. ಬೈಕಲ್ಲಿ ಓಡಾಡ್ತೀನಿ. ಕೈಗೆ ಬರೋದು ತಿಂಗಳಿಗೆ 15 ಸಾವಿರ. ಗುಂಡಿ ಬಗ್ಗೆ ಬಾಯಿಬಿಟ್ಟರೆ ‘ನೀನೇನು ಟ್ಯಾಕ್ಸ್ ಕಟ್ತೀಯ?’ ಅಂತಾರೆ. ನಾನು ನಿಜವಾಗ್ಲೂ ಏನೂ ಕಟ್ತಿಲ್ವಾ?
– ಮಂಡಕ್ಕಿ ಭಟ್ಟಿ ಕಾರ್ಮಿಕರು, ದಾವಣಗೆರೆ

ಕಟ್ಟುತ್ತಿದ್ದೀರಿ, ಅದೂ ಬಂಕಿನಲ್ಲಿ, ಮುಂಗಡವಾಗಿ. ಲೆಕ್ಕ ಹಾಕೋಣ.

ತಿಂಗಳಿಗೆ 26 ದಿನ ಕೆಲಸ ಎಂದರೆ 780 ಕಿ.ಮೀ. ಬೈಕು ಲೀಟರಿಗೆ 45 ಕೊಟ್ಟರೆ 17.3 ಲೀಟರ್ ಪೆಟ್ರೋಲ್ ಬೇಕು. 2025ರ ಏಪ್ರಿಲ್ ಪರಿಷ್ಕರಣೆಯಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ₹21.90 ಆಯಿತು; ಲೆಕ್ಕಕ್ಕೆ ಆ ದರವನ್ನೇ ಹಿಡಿಯೋಣ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. ಇಲ್ಲಿ ಅನೇಕರು ಎಡವುತ್ತಾರೆ: ಶೇ 29.84 ಎಂಬುದು ನೀವು ಕೊಡುವ ಬೆಲೆಯ ಮೇಲಿನ ದರವಲ್ಲ, ತೆರಿಗೆ ಸೇರಿಸುವ ಮುಂಚಿನ ಬೆಲೆಯ ಮೇಲಿನದು. ಆ ಬೆಲೆಯಲ್ಲಿ ಕೇಂದ್ರದ ಸುಂಕವೂ ಸೇರಿರುತ್ತದೆ; ಅಂದರೆ ತೆರಿಗೆಯ ಮೇಲೂ ತೆರಿಗೆ. ಬಂಕಿನ ಬೆಲೆ ₹103 ಎಂದು ಹಿಡಿದರೆ, 103ನ್ನು 29.84ರಿಂದ ಗುಣಿಸಿ 129.84ರಿಂದ ಭಾಗಿಸಿ: ₹23.67. ಎರಡೂ ಕೂಡಿ ಲೀಟರಿಗೆ ₹45.57. ತಿಂಗಳಿಗೆ ಸುಮಾರು ₹790. ದರ ಬದಲಾದಾಗ ಹೊಸ ಅಂಕಿ ಹಾಕಿಕೊಂಡರಾಯಿತು, ದಾರಿ ಇದೇ.

ನಿಮ್ಮ 15 ಸಾವಿರದಲ್ಲಿ ಇದು ನೂರಕ್ಕೆ ಐದು ರೂಪಾಯಿಗೂ ಮೇಲಾಯಿತು. ಅಷ್ಟೇ ದೂರ ಅಂಥದ್ದೇ ಬೈಕಿನಲ್ಲಿ ಓಡಾಡುವ 60 ಸಾವಿರ ಸಂಬಳದವರಿಗೆ ನೂರಕ್ಕೆ ಒಂದೂ ಕಾಲು. ಪೆಟ್ರೋಲ್ ತೆರಿಗೆಗೆ ಕೊಳ್ಳುವವನ ಸಂಬಳ ಕಾಣುವುದಿಲ್ಲ, ಲೀಟರ್ ಮಾತ್ರ ಕಾಣುತ್ತದೆ.

ಇದರಲ್ಲಿ ‘ರಸ್ತೆಗೆ’ ಎಂದು ಚೀಟಿ ಅಂಟಿಸಿಕೊಂಡ ಹಣ ಎಷ್ಟು? ಕೇಂದ್ರದ ₹21.90ರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ₹5 ಮಾತ್ರ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ₹87. ಅದೂ ಕೇಂದ್ರದ ನಿಧಿಗೆ ಹೋಗಿ, ಅಲ್ಲಿಂದ ಹಂಚಿಕೆಯಾಗಿ ಬರಬೇಕು. ರಾಜ್ಯಗಳಿಗೆ ಪಾಲು ಸಿಗುವುದು ₹1.40ರ ಮೂಲ ಸುಂಕದಲ್ಲಿ ಮಾತ್ರ. ಅದರ ಶೇ 41 ಎಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ! ರಾಜ್ಯದ ಮಾರಾಟ ತೆರಿಗೆ ನೇರ ಬೊಕ್ಕಸಕ್ಕೆ ಬೀಳುತ್ತದೆ. ಅದರಿಂದ ಸಂಬಳವನ್ನೂ ಕೊಡಬಹುದು, ರಸ್ತೆಯನ್ನೂ ಮಾಡಬಹುದು. ಬೈಕು ಕೊಂಡಾಗ ಕಟ್ಟಿದ ಜೀವಾವಧಿ ತೆರಿಗೆ ಬೇರೆ: ₹50 ಸಾವಿರದಿಂದ 1 ಲಕ್ಷದೊಳಗಿನ ಬೈಕಿಗೆ ಶೇ 12.

ಹಾಗಾಗಿ ಯಾರಾದರೂ ಮತ್ತೆ ಕೇಳಿದರೆ ಬಂಕಿನ ಚೀಟಿ ತೋರಿಸಿ.

ನಮ್ಮೂರ ರಸ್ತೆ ಮಾಡಿ ಮೂರು ವರ್ಷ ಆಗಿಲ್ಲ, ಅದಿರು ಲಾರಿ ಓಡಾಡಿ ಎದ್ದು ಹೋಗಿದೆ. ‘ಎಲ್ಲರೂ ಓಡಾಡೋ ರಸ್ತೆ, ಪೆಟ್ರೋಲ್ ಮೇಲೆ ಒಂದು ರೂಪಾಯಿ ಹೆಚ್ಚು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ’ ಅಂತ ಸಂಘದಲ್ಲಿ ಒಬ್ಬರು ಅಂದ್ರು. ಒಪ್ಪಬಹುದಾ?
– ಗಾರೆ ಕೆಲಸದವರು, ಹೊಳಲ್ಕೆರೆ ತಾಲ್ಲೂಕು

ನಮ್ಮ ಅಭಿಪ್ರಾಯ: ಒಪ್ಪಬೇಡಿ. ರಸ್ತೆಯನ್ನು ಹಾಳು ಮಾಡುವುದು ಆಕ್ಸಲ್ (ಗಾಲಿಗಳನ್ನು ಹಿಡಿದಿರುವ ಅಚ್ಚು) ಮೇಲಿನ ಭಾರ. ಹಾನಿ ಆ ಭಾರದ ಜತೆ ನೇರವಾಗಿ ಏರುವುದಿಲ್ಲ, ಸುಮಾರು ಅದರ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ನೂರಕ್ಕೆ ಇಪ್ಪತ್ತು ಹೆಚ್ಚು ತುಂಬಿದರೂ ಸಾಕು, ಹಾನಿ ಎರಡರಷ್ಟಾಗುತ್ತದೆ. ನಮ್ಮಲ್ಲಿ ರಸ್ತೆ ವಿನ್ಯಾಸಕ್ಕೆ ಹಿಡಿಯುವ ಪ್ರಮಾಣಿತ ಆಕ್ಸಲ್ 8.16 ಟನ್. ನಿಮ್ಮ ಬೈಕಿನ ಹಿಂದಿನ ಆಕ್ಸಲ್‌ಗೆ ಬೀಳುವುದು, ನೀವು ಕೂತರೂ, 120 ಕೆ.ಜಿ. ಆಸುಪಾಸು. ಅಂಥ ಒಂದು ಲಾರಿ ಆಕ್ಸಲ್ ಮಾಡುವ ಹಾನಿಯನ್ನು ನೀವು ಮಾಡಬೇಕಾದರೆ ಅದೇ ಜಾಗದಲ್ಲಿ ಎರಡು ಕೋಟಿಗೂ ಹೆಚ್ಚು ಸಲ ಹಾಯಬೇಕು.

ತೆರಿಗೆ ನೋಡಿ. ಬೈಕು ಕಿ.ಮೀ.ಗೆ ಸುಮಾರು ₹1 ಇಂಧನ ತೆರಿಗೆ ಕೊಡುತ್ತದೆ. 2025ರ ಏಪ್ರಿಲ್ ದರದಲ್ಲಿ ಡೀಸೆಲ್‌ಗೆ ಕೇಂದ್ರದ್ದು ₹17.80, ರಾಜ್ಯದ್ದು ಶೇ 21.17, ಬೆಲೆ ₹91 ಎಂದರೆ ಒಟ್ಟು ₹33.70. ಲೋಡಿನ ಲಾರಿ ಲೀಟರಿಗೆ 4 ಕಿ.ಮೀ. ಓಡಿದರೆ ಕಿ.ಮೀ.ಗೆ ₹8.40. ಲಾರಿಗೆ ವಾಹನ ತೆರಿಗೆ, ಹೆದ್ದಾರಿಯಲ್ಲಿ ಟೋಲ್ ಬೇರೆ ಇವೆ, ನಿಜ. ಆದರೂ ತೆರಿಗೆ ಎಂಟು ಪಟ್ಟು, ಹಾನಿ ಕೋಟಿ ಪಟ್ಟು. ಲಾರಿ ಡ್ರೈವರನ್ನು ದೂರಿ ಪ್ರಯೋಜನವಿಲ್ಲ, ಲೋಡ್ ಎಷ್ಟೆಂದು ತೀರ್ಮಾನಿಸುವವನು ಅವನಲ್ಲ.

ನಿಮ್ಮ ಜಿಲ್ಲೆಗೆ ಬೇರೆ ದಾರಿಯೇ ಇದೆ. ಗಣಿ ಗುತ್ತಿಗೆದಾರರು ರಾಜಧನದ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕೊಡುವ ಹಣ) ಜತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ವಂತಿಗೆ ಕಟ್ಟಬೇಕು: ಹಳೆಯ ಗುತ್ತಿಗೆಗೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದದ್ದಕ್ಕೆ ಶೇ 10. ಇದರ ಬಹುಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೀಸಲು. ರಸ್ತೆ, ಸೇತುವೆ ಉಳಿದ ಭಾಗದಲ್ಲಿ ಬರುತ್ತವೆ. ಗಣಿಬಾಧಿತ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಬೇರೊಂದು ನಿಗಮವೂ ಇದೆ. ಗ್ರಾಮಸಭೆಯಲ್ಲಿ ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಗೆ, ಉದ್ದ, ಯಾವ ಗಣಿಯ ಲಾರಿ ಹಾಯುತ್ತದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ ಪ್ರತಿಷ್ಠಾನಕ್ಕೆ ಕಳಿಸಿ. ‘ರಸ್ತೆ ಸರಿಪಡಿಸಿ’ ಎಂದಷ್ಟೇ ಬರೆದ ಅರ್ಜಿ ಫೈಲಿನಲ್ಲೇ ಮಲಗುತ್ತದೆ.

ಹೆಚ್ಚು ಲೋಡ್ ಹಾಕಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ₹20,000 ದಂಡ, ಮೇಲಿನ ಪ್ರತಿ ಟನ್‌ಗೆ ₹2,000. ಹೆಚ್ಚಿನದನ್ನು ಅಲ್ಲೇ ಇಳಿಸಬೇಕು. ಒಂದು ರೂಪಾಯಿ ಸೆಸ್‌ಗಿಂತ ತೂಕದ ಚೀಟಿ ನೋಡುವವನೊಬ್ಬ ಆ ರಸ್ತೆಯಲ್ಲಿ ನಿಂತರೆ ಲಾಭ ಹೆಚ್ಚು.

ಸಂಬಳ 18 ಸಾವಿರ. ಮಾಲೀಕರು ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ಹಿಡೀತಾರೆ.
– ಅಂಗಡಿ ನೌಕರರು, ಚಿತ್ರದುರ್ಗ

ಹಿಡಿಯುವಂತಿಲ್ಲ. 2023ರ ಏಪ್ರಿಲ್‌ನಿಂದ ₹25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಸಂಬಳ ಚೀಟಿ ಕೇಳಿ ತೆಗೆದುಕೊಳ್ಳಿ. ಕಡಿತ ಅದರಲ್ಲಿದ್ದರೆ ವಾಣಿಜ್ಯ ತೆರಿಗೆ ಇಲಾಖೆಯ ವೃತ್ತಿ ತೆರಿಗೆ ಅಧಿಕಾರಿಗೆ ಬರೆದುಕೊಡಿ. ಚೀಟಿಯಲ್ಲಿ ಇಲ್ಲದೆ ಕೈಯಲ್ಲಿ ಮಾತ್ರ ಕಡಿಮೆ ಬರುತ್ತಿದ್ದರೆ ಅದು ತೆರಿಗೆಯ ತಕರಾರಲ್ಲ, ಕೂಲಿಯ ತಕರಾರು. ಕಾರ್ಮಿಕ ಇಲಾಖೆಗೆ ಹೋಗಿ.

ನಮ್ಮ ಬೀದಿಯ ಗುಂಡಿ ವರ್ಷಕ್ಕೆ ಎರಡು ಸಲ ಮುಚ್ತಾರೆ, ಒಂದು ಮಳೆಗೆ ಮತ್ತೆ ಬಾಯಿ ತೆರೆಯುತ್ತೆ. ನಾವು ಬಾಡಿಗೆಯವರು, ಕೇಳೋ ಹಕ್ಕಿದೆಯಾ?
– ಓದುಗರು, ದಾವಣಗೆರೆ

ಹಕ್ಕಿದೆ. ಮನೆ ಮಾಲೀಕ ಕಟ್ಟುವ ಆಸ್ತಿ ತೆರಿಗೆ ನಿಮ್ಮ ಬಾಡಿಗೆಯಿಂದಲೇ ಹುಟ್ಟುತ್ತದೆ. ಅದು ಹಾಗಿರಲಿ, ಗುಂಡಿ ಮತ್ತೆ ಯಾಕೆ ಬಾಯಿ ತೆರೆಯುತ್ತದೆ ನೋಡೋಣ.

ಗುಂಡಿಯ ಅಂಚು ಸಡಿಲವಾಗಿರುತ್ತದೆ. ಅದರೊಳಗೇ ಜಲ್ಲಿ ಡಾಂಬರು ಸುರಿದರೆ ಹೊಸದು ಹಳೆಯದಕ್ಕೆ ಅಂಟುವುದಿಲ್ಲ; ಸಂದಿನಲ್ಲಿ ನೀರು ಇಳಿಯುತ್ತದೆ. ಕೆಳಗೆ ಎರೆಮಣ್ಣಿದ್ದರೆ ಅದು ನೆನೆದು ಉಬ್ಬಿ, ಒಣಗಿ ಬಿರಿಯುತ್ತದೆ. ಸರಿಯಾದ ಕ್ರಮ ಹೀಗೆ: ಗಟ್ಟಿ ಡಾಂಬರು ಸಿಗುವ ತನಕ ಚೌಕವಾಗಿ, ಗೋಡೆ ನೆಟ್ಟಗೆ ನಿಲ್ಲುವಂತೆ ಕತ್ತರಿಸಬೇಕು. ಕಸ, ಧೂಳು, ನೀರು ತೆಗೆಯಬೇಕು. ತಳಕ್ಕೂ ಗೋಡೆಗೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಬಳಿಯಬೇಕು, ಚದರ ಮೀಟರಿಗೆ 200–300 ಗ್ರಾಂ. ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲ, ಏಳೂವರೆ ಸೆಂ.ಮೀ. ಆಳದ ಗುಂಡಿಗೆ ಇದು ಕಾಲು ಕೆ.ಜಿ. ಮಾತ್ರ, ಆದರೆ ಬಿಟ್ಟುಬಿಡುವುದು ಇದನ್ನೇ. ಆ ಗುಂಡಿಗೆ ಸುಮಾರು 100 ಕೆ.ಜಿ. ಮಿಶ್ರಣ ಬೇಕು. ಎರಡು ಪದರದಲ್ಲಿ ಹಾಕಿ ಪ್ರತಿ ಪದರವನ್ನೂ ದಮ್ಮಸು ಮಾಡಿ, ಕೊನೆಗೆ ಸುತ್ತಲಿನ ರಸ್ತೆಗಿಂತ ಮೂರ್ನಾಲ್ಕು ಮಿ.ಮೀ. ಎತ್ತರ ಬಿಡಬೇಕು.

ಇನ್ನೊಂದು ಕಾರಣ ಬಿಸಿ. ಸಾಮಾನ್ಯ ವಿಜಿ-30 ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90 ಡಿಗ್ರಿಗೆ ಇಳಿಯುವ ಮುಂಚೆ ರೋಲರ್ ಮುಗಿಯಬೇಕು. ಒಂದೇ ಲೋಡ್ ಹೊತ್ತು ಹತ್ತು ಬೀದಿ ಸುತ್ತುವ ಗಾಡಿಯಲ್ಲಿ ಕೊನೆಯ ಬೀದಿಗೆ ಸಿಗುವುದು ತಣ್ಣಗಾದ ಉಂಡೆ. ಅದು ಮಂಡಕ್ಕಿಯಂತೆ ಬಿಡಿಬಿಡಿಯಾಗಿ ಉದುರುತ್ತದೆ. ಮಳೆಗಾಲದಲ್ಲಿ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕುವ ಮಿಶ್ರಣ) ಚೀಲ ಬಳಸುವುದೇ ಮೇಲು. ಪಕ್ಕದ ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ನಿಲ್ಲುತ್ತಿದ್ದರೆ ಮಾತ್ರ ಇದಾವುದೂ ಬಾಳುವುದಿಲ್ಲ, ಮೊದಲು ಚರಂಡಿ.

ಈಗ ಕೇಳುವ ಬಗೆ. ರಸ್ತೆ ಯಾರದು ಎಂದು ತಿಳಿಯಿರಿ. ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ (ದೂರಿಗೆ 1033), ಹಸಿರಾದರೆ ರಾಜ್ಯ ಹೆದ್ದಾರಿ. ಊರೊಳಗಿನ ಬೀದಿ ಸಾಮಾನ್ಯವಾಗಿ ಪಾಲಿಕೆಯದು. ರಾಜ್ಯದ ಕುಂದುಕೊರತೆ ಸಂಖ್ಯೆ 1902ಕ್ಕೆ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ತಿಂಗಳು ಕಾದು ಮಾಹಿತಿ ಹಕ್ಕಿನ ಅರ್ಜಿ ಹಾಕಿ: ₹10ರ ಪೋಸ್ಟಲ್ ಆರ್ಡರ್, ಬಿಪಿಎಲ್ ಇದ್ದರೆ ಅದೂ ಬೇಡ, ಕಾರ್ಡಿನ ನಕಲು ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಪೀಠಿಕೆ ಬಿಟ್ಟು ನಾಲ್ಕೇ ಕೇಳಿ: ಈ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ ಪಾವತಿಯ ದಿನಾಂಕ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನ.

ಈ ನಾಲ್ಕನೆಯದೇ ಮುಖ್ಯ. ಆ ಅವಧಿಯೊಳಗೆ ರಸ್ತೆ ಕಿತ್ತುಬಂದರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅವಧಿ ಇನ್ನೂ ಇರುವಾಗಲೇ ಪಾಲಿಕೆ ಹೊಸ ಬಿಲ್ ಮಾಡಿದರೆ ನೀವು ಅದೇ ಗುಂಡಿಗೆ ಎರಡು ಸಲ ದುಡ್ಡು ಕೊಟ್ಟಂತೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿ ಪರಿಶೀಲಿಸಿ ದೃಢೀಕೃತ ಮಾದರಿ ಪಡೆಯಲೂ ಬಹುದು. ಮಾದರಿ ತೆಗೆಯುವಾಗ ನಿಮ್ಮಲ್ಲಿ ಒಬ್ಬರು ಸ್ಥಳದಲ್ಲಿರಿ. ಚೀಲಕ್ಕೆ ಮೊಹರು ಹಾಕಿಸಿ, ಮೊಹರಿನ ಮೇಲೆ ನಿಮ್ಮ ಸಹಿಯೂ ಬೀಳಲಿ.