ಬೆನ್ನಿನ ಸ್ಕ್ರೂ ಸಡಿಲಾದರೆ ತೆಗೆಸಲೇಬೇಕಾ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಅವ್ವನಿಗೆ 58 ವರ್ಷ. ಹತ್ತು ತಿಂಗಳ ಹಿಂದೆ ಸೊಂಟದ ಆಪರೇಷನ್ ಮಾಡಿ ನಾಲ್ಕು ಸ್ಕ್ರೂ, ಎರಡು ರಾಡ್ ಹಾಕಿದ್ದಾರೆ. ಮೊದಲು ಆರಾಮಾಗಿದ್ದರು. ಈಗ ಏಳುವಾಗ, ಹೊರಳುವಾಗ ಮತ್ತೆ ನೋವು. ರಾಯಚೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಕೆಳಗಿನ ಒಂದು ಸ್ಕ್ರೂ ಸಡಿಲಾಗಿ ಸ್ವಲ್ಪ ಹಿಂದೆ ಸರಿದಿದೆ ಅಂದರು. ತೆಗೆಸಲೇಬೇಕಾ? ಎಣ್ಣೆ ಹಚ್ಚಿ ತಿಕ್ಕಿಸಿ ಅಂತ ಊರಲ್ಲಿ ಹೇಳುತ್ತಾರೆ. ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿಗೆ ಹೋಗುತ್ತೇನೆ ಅಂತ ಅವ್ವ ಹಟ ಹಿಡಿದಿದ್ದಾರೆ.

ಉತ್ತರ: ಮೊದಲು ಅವ್ವನನ್ನು ಮೂರು ವಿಷಯ ಕೇಳಿ. ಮೂತ್ರ ಕಟ್ಟುತ್ತಿದೆಯಾ, ಇಲ್ಲವೇ ತಿಳಿಯದೇ ಹೋಗುತ್ತಿದೆಯಾ? ಕೂರುವ ಜಾಗ, ತೊಡೆಸಂದಿ ಮರಗಟ್ಟಿದೆಯಾ? ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತಿದೆಯಾ, ಪಾದ ಎತ್ತಲು ಆಗುತ್ತಿಲ್ಲವಾ? ಮುಜುಗರಪಟ್ಟು ಹೆಂಗಸರು ಇದನ್ನು ಮಗನಿಗೆ ಹೇಳುವುದಿಲ್ಲ. ಸೊಸೆಯೋ ಮಗಳೋ ಕೇಳಲಿ. ಒಂದಕ್ಕೆ ಹೌದು ಅಂದರೂ ಅದೇ ದಿನ ಬೆನ್ನುಮೂಳೆ ಸರ್ಜನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನರ ಒತ್ತಿಹೋದರೆ ತಡ ಮಾಡಿದಷ್ಟೂ ನಷ್ಟ ಜಾಸ್ತಿ. ಜ್ವರ ಬಂದರೂ, ಹೊಲಿಗೆ ಜಾಗದಲ್ಲಿ ಕೀವು, ನೀರು ಕಂಡರೂ ಕಾಯಬೇಡಿ.

ಇವು ಯಾವುವೂ ಇಲ್ಲ ಅಂದರೆ ಗಾಬರಿ ಬೇಡ. ಸ್ಕ್ರೂ ಸಡಿಲಾದ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ.

ಸ್ಕ್ರೂ, ರಾಡ್ ಛತ್ತಿಗೆ ಕೊಡುವ ಸೆಂಟ್ರಿಂಗ್ ಇದ್ದಂತೆ. ಒಳಗೆ ಇಟ್ಟ ಮೂಳೆಚೂರು ಬೆಳೆದು ಎರಡು ಮೂಳೆ ಒಂದಾಗುವವರೆಗೆ ಅವು ಹಿಡಿದಿರಬೇಕು. ಹಾಗೆ ಕೂಡಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಮೂಳೆ ಕೂಡಿದ್ದರೆ ಸಡಿಲಾದ ಸ್ಕ್ರೂವಿನಿಂದ ದೊಡ್ಡ ತೊಂದರೆ ಆಗದೇ ಇರಬಹುದು. ಚುಚ್ಚುತ್ತಿದ್ದರೆ ಅದನ್ನಷ್ಟೇ ತೆಗೆಯಬಹುದು. ಕೂಡಿಲ್ಲದಿದ್ದರೆ ಪ್ರತಿ ಸಲ ಬಗ್ಗಿದಾಗಲೂ ಸ್ಕ್ರೂ ಅಲುಗಾಡಿ ತೂತು ದೊಡ್ಡದಾಗುತ್ತದೆ. ಹಾಗಾಗಿ ನೀವು ಡಾಕ್ಟರನ್ನು ಕೇಳಬೇಕಾದ್ದು, "ಮೂಳೆ ಕೂಡಿದೆಯಾ?" ಅಂತ. ಇದು ಸಾದಾ ಎಕ್ಸ್‌ರೇಯಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಸಿಟಿ ಸ್ಕ್ಯಾನ್ ಬೇಕು. ಜೊತೆಗೆ ನಿಂತು, ಮುಂದೆ ಹಿಂದೆ ಬಾಗಿಸಿ ತೆಗೆದ ಎಕ್ಸ್‌ರೇ ನೋಡಿದರೆ ಆ ಜಾಗ ಅಲುಗುತ್ತಿದೆಯಾ ಅಂತ ತಿಳಿಯುತ್ತದೆ.

ಇನ್ನು ಸಡಿಲಾಗಿದ್ದು ಏಕೆ? ಈ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದು ದೊಡ್ಡ ಕಾರಣ. ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಪರೀಕ್ಷೆ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಎರಡನೆಯದು ಸದ್ದಿಲ್ಲದ ಸೋಂಕು. ಜ್ವರವೇ ಇಲ್ಲದೆ ಸ್ಕ್ರೂ ಸುತ್ತ ಸೋಂಕು ಇರಬಹುದು, ಸಕ್ಕರೆ ಕಾಯಿಲೆ ಇದ್ದರಂತೂ ಅನುಮಾನ ಜಾಸ್ತಿ. ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಇನ್ನೊಂದು, ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಾರಾ? ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಇದು ಕೇಳಲೇಬೇಕಾದ ಮಾತು. ಸೇದಿದರೂ ಜಗಿದರೂ ನಿಕೋಟಿನ್ ಮೂಳೆ ಕೂಡುವುದನ್ನು ತಡೆಯುತ್ತದೆ. ಇವತ್ತೇ ಬಿಡಿಸಿ.

ಮತ್ತೆ ಆಪರೇಷನ್ ಬೇಕು ಅಂತಾದರೆ ದಪ್ಪ ಸ್ಕ್ರೂ ಹಾಕುತ್ತಾರೆ, ಮೂಳೆ ಟೊಳ್ಳಿದ್ದರೆ ಸ್ಕ್ರೂ ಸುತ್ತ ಮೂಳೆ ಸಿಮೆಂಟ್ ತುಂಬುತ್ತಾರೆ, ಹೊಸದಾಗಿ ಮೂಳೆಚೂರು ಇಡುತ್ತಾರೆ. ಸಾಧ್ಯವಾದರೆ ಮೊದಲು ಮಾಡಿದ ಸರ್ಜನ್ ಹತ್ತಿರವೇ ತೋರಿಸಿ. ಬೇರೆ ಕಡೆ ಹೋಗುವುದಾದರೆ ಡಿಸ್ಚಾರ್ಜ್ ಕಾಗದ, ಆಪರೇಷನ್ ಆದ ಕೂಡಲೇ ತೆಗೆದ ಎಕ್ಸ್‌ರೇ, ಸ್ಕ್ರೂ ಕಂಪನಿ ಮತ್ತು ಅಳತೆಯ ಸ್ಟಿಕ್ಕರ್ ಮೂರೂ ಇರಲಿ. ಕಂಪನಿ ಬದಲಾದರೆ ಸ್ಕ್ರೂ ಬಿಚ್ಚುವ ಸಾಧನವೂ ಬೇರೆ ಇರಬಹುದು. ಮೊದಲೇ ಗೊತ್ತಿದ್ದರೆ ಸರ್ಜನ್ ತರಿಸಿಟ್ಟುಕೊಳ್ಳುತ್ತಾರೆ. ಈ ಸ್ಟಿಕ್ಕರ್ ಕಳೆದುಕೊಂಡು ಬರುವವರೇ ಬಹಳ.

ತಿಕ್ಕಿಸುವುದು ಬೇಡವೇ ಬೇಡ. ಸಡಿಲಾದ ಸ್ಕ್ರೂ ಮೇಲೆ ಯಾರೂ ಮೊಣಕೈ ಊರಬಾರದು, ಬೆನ್ನು ತುಳಿಯಬಾರದು. ಮನೆಯೊಳಗೆ, ಅಂಗಳದಲ್ಲಿ ನಿಧಾನ ನಡೆದಾಡಲಿ. ಕೊಡ ಎತ್ತುವುದು, ನೆಲದಲ್ಲಿ ಕೂತು ಏಳುವುದು ನಿಲ್ಲಲಿ. ನಾಟಿಯಲ್ಲಿ ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕು, ಅಲ್ವಾ? ಈ ಸಲ ಅವ್ವನನ್ನು ಗದ್ದೆಗೆ ಕಳಿಸಬೇಡಿ. ಮುಂದಿನದನ್ನು ಸಿಟಿ ಸ್ಕ್ಯಾನ್ ನೋಡಿದ ಮೇಲೆ ಡಾಕ್ಟರ್ ಹೇಳುತ್ತಾರೆ.