ಲೋಟದ ಅಳತೆ ಬದಲಾದರೆ ಕೈಚಳಕವನ್ನೂ ಹೊಸದಾಗಿ ಕಲಿಯಬೇಕೆ?

ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಕಪ್‌ಗಳಲ್ಲಿ ಮೂರು ಲೋಟ, ಮೂರು ಚೆಂಡಿನ ಜಾದೂ ಆರು ತಿಂಗಳು ಅಭ್ಯಾಸ ಮಾಡಿದ್ದೀರಿ. ಈಗ ಮನೆಯ ಸ್ಟೀಲ್ ಲೋಟಗಳಲ್ಲಿ ಮಾಡಲು ಹೋದರೆ ಒಂದರ ಮೇಲೊಂದು ಕವುಚಿದ ಲೋಟಗಳ ನಡುವೆ ಚೆಂಡು ಸಿಕ್ಕಿಹಾಕಿಕೊಳ್ಳುತ್ತದೆ, ಆಟದ ಕೊನೆಯಲ್ಲಿ ಚೆಂಡಿನ ಬದಲು ಲೋಟದಡಿಯಿಂದ ಬರಬೇಕಾದ ನಿಂಬೆಹಣ್ಣು ಒಳಗೆ ಹೋಗುವುದೇ ಇಲ್ಲ, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕೆ ಎಂದು ಕೇಳಿದ್ದೀರಿ. ಬೇಡ. ಮೊದಲು ಬದಲಾಗಬೇಕಾದ್ದು ಚೆಂಡು, ಆಮೇಲೆ ಲೋಟವನ್ನು ಹಿಡಿಯುವ ಜಾಗ. ಬೆರಳುಗಳ ಕೆಲಸ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ನೀವು ಆಗಲೇ ಅಭ್ಯಾಸದಲ್ಲಿರುವವರಾದ್ದರಿಂದ ಬಿಡಿಸಿ ಬರೆಯುತ್ತೇನೆ.

ಎಲ್ಲರೂ ಲೋಟದ ಬಾಯಿಯ ಅಗಲ ನೋಡುತ್ತಾರೆ. ನಾನು ಮೊದಲು ನೋಡುವುದು ಸಂದಿ. ಒಂದು ಲೋಟವನ್ನು ಬೋರಲು ಹಾಕಿ, ಅದರ ತಳದ ಮೇಲೆ ಚಪಾತಿ ಹಿಟ್ಟಿನ ಒಂದು ಉಂಡೆ ಇಟ್ಟು, ಮೇಲೆ ಇನ್ನೊಂದು ಲೋಟವನ್ನು ಕವುಚಿ ಅದು ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಯವರೆಗೆ ಇಳಿಸಿ. ತೆಗೆದು ನೋಡಿದರೆ ಹಿಟ್ಟು ಬಿಲ್ಲೆಯಾಗಿರುತ್ತದೆ. ಆ ಬಿಲ್ಲೆ ಎಷ್ಟು ದಪ್ಪವೋ ಅದೇ ನಿಮ್ಮ ಸಂದಿ. ನಮ್ಮ ಮನೆಯ ಕಾಫಿ ಲೋಟಗಳಲ್ಲಿ ಅದು 1.8 ಸೆಂ.ಮೀ. ಬಂತು. ನನ್ನ ಹತ್ತಿರ ಇದ್ದ ಚೆಂಡುಗಳು 2.5 ಸೆಂ.ಮೀ. ಮೇಲಿನ ಲೋಟ ಓರೆಯಾಗಿ ಕೂರುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ. ಚೆಂಡು ಸಂದಿಗಿಂತ ಎರಡು ಮೂರು ಮಿಲಿಮೀಟರ್ ಚಿಕ್ಕದಿದ್ದರೆ ಸಾಕು. ತೀರಾ ಚಿಕ್ಕದಾದರೆ ತಳದಿಂದ ಉರುಳಿ ಪಕ್ಕಕ್ಕೆ ಬೀಳುತ್ತದೆ, ದೂರ ಕೂತವರಿಗೆ ಕಾಣಿಸುವುದೂ ಇಲ್ಲ.

ಬಾಯಿಗೂ ತಳಕ್ಕೂ ಅಗಲದಲ್ಲಿ ವ್ಯತ್ಯಾಸ ಹೆಚ್ಚಿದ್ದಷ್ಟೂ ಲೋಟ ಒಂದರೊಳಗೊಂದು ಆಳಕ್ಕೆ ಇಳಿಯುತ್ತದೆ, ಸಂದಿ ಕಿರಿದಾಗುತ್ತದೆ. ಜಾದೂ ಕಪ್‌ಗಳ ಬಾಯಿಯ ಹತ್ತಿರ ಬಳೆಯಂಥ ಒಂದು ಉಬ್ಬು ಇರುತ್ತದಲ್ಲ, ಅದು ಬರೀ ಅಂದಕ್ಕೆ ಇಟ್ಟದ್ದಲ್ಲ. ಮೇಲಿನ ಕಪ್ ಅಲ್ಲಿಗೆ ಬಂದು ನಿಲ್ಲಲಿ, ಒಳಗೆ ಚೆಂಡಿಗೆ ಜಾಗ ಉಳಿಯಲಿ ಎಂದು. ತಳದಲ್ಲಿರುವ ತಗ್ಗು ಕೂಡ ಚೆಂಡು ಉರುಳದಿರಲಿ ಎಂದೇ. ಸ್ಟೀಲ್ ಲೋಟಗಳಲ್ಲಿ ತಳದ ಸುತ್ತ ಸಣ್ಣ ಏಣು ಇರುವಂಥವು ಸಿಗುತ್ತವೆ, ಅವು ಚೆಂಡನ್ನು ತಟ್ಟೆಯಂತೆ ಹಿಡಿದಿಟ್ಟುಕೊಳ್ಳುತ್ತವೆ. ತಳ ಪೂರ್ತಿ ಚಪ್ಪಟೆ ಇದ್ದರೆ ರಬ್ಬರ್ ಚೆಂಡು ಬಿಟ್ಟು ಉಣ್ಣೆಯಲ್ಲಿ ಹೆಣೆದದ್ದನ್ನು ಬಳಸಿ. ಅದು ಇಟ್ಟಲ್ಲೇ ಕೂರುತ್ತದೆ, ಸದ್ದೂ ಮಾಡುವುದಿಲ್ಲ.

ಸದ್ದಿನ ವಿಷಯದಲ್ಲಿ ಸ್ಟೀಲ್ ಬಹಳ ನಿಷ್ಠುರ. ಗುಟ್ಟಾಗಿ ಒಳಗೆ ಹೋದ ಚೆಂಡು ಒಂದು ಸಲ ಟಣ್ ಎಂದರೆ ಮುಗಿಯಿತು. ಮೇಜಿನ ಮೇಲೆ ದಪ್ಪ ಟವೆಲ್ ಅಥವಾ ಜಮಖಾನೆಯ ತುಂಡು ಹಾಸಿ. ಲೋಟವನ್ನು ಮಗುಚುವ ಬಗೆಯನ್ನೂ ಅಳತೆಗೆ ತಕ್ಕಂತೆ ತಿದ್ದಿಕೊಳ್ಳಬೇಕು. ಒಳಗೆ ಚೆಂಡಿರುವ ಲೋಟವನ್ನು ಬೋರಲು ಹಾಕುವಾಗ ವೇಗವೇ ಚೆಂಡನ್ನು ಒಳಗೆ ಉಳಿಸುತ್ತದೆ. ಎತ್ತರದ ಲೋಟವಾದರೆ ಬಾಯಿ ನಿಮ್ಮ ಕಡೆಗಿರುವಂತೆ ಮಣಿಕಟ್ಟಿನಿಂದ ತಿರುಗಿಸಿ, ಕೈ ತುಸು ಮೇಲಿನಿಂದ ಬರಲಿ. ಗಿಡ್ಡ ಲೋಟದಲ್ಲಿ ಹಾಗೆ ಮಾಡಿದರೆ ಚೆಂಡು ಹೊರಗೆ ಇಣುಕುತ್ತದೆ, ಅದನ್ನು ಬಟ್ಟೆಗೆ ಸವರಿದಂತೆ ಕೆಳಗೇ ತಿರುಗಿಸಬೇಕು.

ಇನ್ನೊಂದು ವಿಷಯ ನನಗೆ ಗೊತ್ತಾಗಿದ್ದು ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ. ಹೊಸ ಲೋಟಗಳು, ಕನ್ನಡಿಯಂತೆ ಹೊಳೆಯುತ್ತಿದ್ದವು. ನಡುವಿನ ಲೋಟಕ್ಕೆ ಚೆಂಡು ಸೇರಿಸುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದ ಲೋಟ ತೋರಿಸಿ “ಅಲ್ಲಿ ಕೆಂಪಗೆ ಕಾಣ್ತಿದೆ ಅಂಕಲ್” ಎಂದಳು. ನನ್ನ ಅಂಗೈಯ ಚೆಂಡು ಪಕ್ಕದ ಲೋಟದ ಮೈಯಲ್ಲಿ ಪ್ರತಿಫಲಿಸುತ್ತಿತ್ತು. ಮನೆಯಲ್ಲಿ ನಾನು ಅಭ್ಯಾಸ ಮಾಡಿದ್ದು ಬಳಸಿ ಮಂಕಾದ ಹಳೇ ಲೋಟಗಳಲ್ಲಿ, ಹಾಗಾಗಿ ಇದು ಹೊಳೆದೇ ಇರಲಿಲ್ಲ. ಅಂದಿನಿಂದ ಲೋಟಗಳ ನಡುವೆ ಒಂದು ಗೇಣು ಬಿಡುತ್ತೇನೆ, ಹೊಳಪು ಹೋದ ಲೋಟಗಳನ್ನೇ ಆರಿಸುತ್ತೇನೆ.

ಈಗ ಹಿಡಿತಕ್ಕೆ ಬರೋಣ. ನಡುಬೆರಳು ಮತ್ತು ಉಂಗುರಬೆರಳಿನ ಮಡಿಕೆಯಲ್ಲಿ ಅಡಗಿದ ಚೆಂಡು ಲೋಟ ಕೆಳಗಿಳಿಯುವ ಕ್ಷಣದಲ್ಲೇ ಒಳಗೆ ಸೇರಬೇಕು. ಅಂದರೆ ಆ ಬೆರಳುಗಳು ಲೋಟದ ಅಂಚಿಗೆ ಹತ್ತಿರ ಇರಲೇಬೇಕು. ಪ್ಲಾಸ್ಟಿಕ್ ಕಪ್ ಚಿಕ್ಕದು, ಎಲ್ಲಿ ಹಿಡಿದರೂ ಬೆರಳು ಅಂಚಿಗೆ ಎಟುಕುತ್ತಿತ್ತು. ಎತ್ತರದ ಲೋಟವನ್ನೂ ಅದೇ ಅಭ್ಯಾಸದಲ್ಲಿ ಮೇಲೆ ಹಿಡಿದರೆ ಬೆರಳು ಅರ್ಧದಲ್ಲೇ ನಿಲ್ಲುತ್ತದೆ, ಚೆಂಡನ್ನು ಎಸೆಯಬೇಕಾಗುತ್ತದೆ. ಎಸೆಯಬೇಡಿ. ಕೈಯನ್ನು ಕೆಳಗೆ ತನ್ನಿ, ಕಿರುಬೆರಳು ಅಂಚನ್ನು ಮುಟ್ಟುತ್ತಿರಲಿ. ಲೋಟದ ಹಿಂಭಾಗ ಮಾತ್ರ ಒಂದು ಬೆರಳಗಲ ಮೇಲೇಳಲಿ, ಮುಂದಿನ ಅಂಚು ಬಟ್ಟೆ ಬಿಡದಿರಲಿ. ಮುಖ್ಯವಾಗಿ, ಒಳಗೆ ಏನನ್ನೂ ಹಾಕದೆ ಎತ್ತುವಾಗಲೂ ಇದೇ ಹಿಡಿತ ಇರಬೇಕು. ಗುಟ್ಟಿನ ಕೆಲಸವಿದ್ದಾಗ ಮಾತ್ರ ಕೈ ಕೆಳಗಿಳಿದರೆ ಮಕ್ಕಳಿಗೂ ತಿಳಿಯುತ್ತದೆ.

ನಮ್ಮ ಬೀದಿಯ ಜಾದೂಗಾರರ ಮರದ ಬಟ್ಟಲುಗಳನ್ನು ನೋಡಿದ್ದೀರಾ? ಗಿಡ್ಡ, ಗುಂಡಗೆ, ತಲೆಯ ಮೇಲೊಂದು ಗುಬಟು. ಚಿಕ್ಕಂದಿನಲ್ಲಿ ನಂಜನಗೂಡಿನ ಜಾತ್ರೆಯಲ್ಲಿ ಒಬ್ಬರು ನೆಲದ ಮೇಲೆ ಕೂತು ಆಡಿಸುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಗುಬಟನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಹಿಡಿದರೆ ಇಡೀ ಅಂಗೈ ಬಟ್ಟಲಿಗೆ ಕೊಡೆ ಹಿಡಿದಂತಾಗುತ್ತದೆ, ಬೆರಳ ತುದಿಗಳು ತಾವಾಗಿಯೇ ಅಂಚಿನ ಕೆಳಗೆ ಬರುತ್ತವೆ. ಸುತ್ತ ನಿಂತು ಮೇಲಿನಿಂದ ನೋಡುವವರಿಗೆ ಕಾಣುವುದು ಕೈಯ ಬೆನ್ನು ಮಾತ್ರ. ಬಟ್ಟಲು ಗಿಡ್ಡವಿರುವುದರಿಂದಲೇ ಈ ಚಳಕ ಸಾಧ್ಯ. ಇದನ್ನು ಎತ್ತರದ ಲೋಟಕ್ಕೆ ತರಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ, ನೀವು ಆ ದಾರಿ ಹಿಡಿಯಬೇಡಿ. ಲೋಟದ ಜಾದೂವನ್ನು ಮೇಜಿನ ಹಿಂದೆ ನಿಂತು, ಎದುರಿಗೆ ಕೂತವರಿಗೆ ತೋರಿಸಿ.

ಮನೆಯ ಲೋಟ ಬಳಸುವುದಕ್ಕೆ ಸಂಕೋಚ ಬೇಡ. ಒಂದನೇ ಶತಮಾನದ ರೋಮ್‌ನಲ್ಲಿ ತತ್ವಜ್ಞಾನಿ ಸೆನೆಕ ತನ್ನ ಒಂದು ಪತ್ರದಲ್ಲಿ ಈ ಆಟದ ಮಾತೆತ್ತುತ್ತಾನೆ. ಅಲ್ಲಿನವರ ಸಾಮಾನು ಊಟದ ಮೇಜಿನ ವಿನಿಗರ್ ಬಟ್ಟಲು ಮತ್ತು ಹರಳುಕಲ್ಲು.

ಇನ್ನು ನಿಂಬೆಹಣ್ಣು. ಇಲ್ಲಿ ಲೋಟದ ಬಾಯಿ ಮುಖ್ಯ, ಅದಕ್ಕಿಂತ ನಿಮ್ಮ ಅಂಗೈ ಮುಖ್ಯ. ನನ್ನ ಲೋಟದ ಬಾಯಿ 7 ಸೆಂ.ಮೀ., ತಳ 5. ಐದು ಸೆಂ.ಮೀ. ದಪ್ಪದ ಹಣ್ಣು ಬಾಯಲ್ಲಿ ಸರಾಗವಾಗಿ ಹೋದರೂ ಮೇಲೆ ತಳದ ಹತ್ತಿರ ಬಿಗಿಯಾಗಿ ಕೂತುಬಿಡುತ್ತದೆ, ಎತ್ತಿದಾಗ ಬೀಳುವುದಿಲ್ಲ. 4.5ರದ್ದು ಸರಿಹೋಯಿತು. ಅಂಗೈ ಚಿಕ್ಕದಿದ್ದರೆ ಇನ್ನೂ ಚಿಕ್ಕದನ್ನು ತೆಗೆದುಕೊಳ್ಳಿ. ದೊಡ್ಡ ಲೋಟದಿಂದ ದೊಡ್ಡ ಹಣ್ಣು ಬಂದರೇನೇ ಜನ ಬೆರಗಾಗುತ್ತಾರೆ ಎಂದುಕೊಳ್ಳಬೇಡಿ. ದೊಡ್ಡ ಲೋಟದಲ್ಲಿ ಅಲ್ಲಾಡುವ ಮೋಸಂಬಿಗಿಂತ, ಕಾಫಿ ಲೋಟದಲ್ಲಿ ಹೆಚ್ಚು ಜಾಗ ಉಳಿಸದೆ ಕೂತ ನಿಂಬೆಹಣ್ಣಿಗೆ ನಾನು ಹೆಚ್ಚು ಉದ್ಗಾರ ಕೇಳಿದ್ದೇನೆ.

ಹೊಸದಾಗಿ ಕೊಳ್ಳುವುದಾದರೆ ಪಾತ್ರೆ ಅಂಗಡಿಗೆ ನಿಮ್ಮ ಚೆಂಡು ಮತ್ತು ಒಂದು ನಿಂಬೆಹಣ್ಣು ಒಯ್ಯಿರಿ. ಅಲ್ಲೇ ಬೋರಲು ಹಾಕಿ, ಚೆಂಡಿಟ್ಟು, ಮುಚ್ಚಿ ನೋಡಿ. ಒಂದೇ ಅಚ್ಚಿನವು ನಾಲ್ಕು ತನ್ನಿ. ಒಂದು ಕೆಳಗೆ ಬಿದ್ದು ನೆಗ್ಗಿದರೆ ಅದರ ಜೊತೆಯದು ಮತ್ತೆ ಸಿಗುವುದು ಕಷ್ಟ.